ಬಿಲ ಮುಚ್ಚಿದ 139 ದಿನಗಳು

2024ರ ಜನವರಿ 27, ಗಣರಾಜ್ಯ ದಿನದ ಮರುದಿನ. ಶನಿವಾರವಾದುದರಿಂದ ಶಾಲೆಗೆ ಹೊರಡುವ ಗಡಿಬಿಡಿ ಇರಲಿಲ್ಲ. ಚಹಾದ ಲೋಟ ಹಿಡಿದು ನಡುಕೋಣೆಯ ಕಪಾಟಿನ ಮುಂದೆ ನಿಂತು ಎಂದಿನಂತೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಣುಕಿದಾಗ, ಹಿಂದಿನ ರಾತ್ರಿಯವರೆಗೆ ಪೆನ್ಸಿಲ್ ತೂರುವಷ್ಟು ಅಗಲವಾಗಿದ್ದ ಬಿಲದ ಬಾಯಿ ಅಲ್ಲಿರಲಿಲ್ಲ. ತೆಂಗಿನ ನಾರಿನ ಹುಡಿಯನ್ನು ಒಳಗಿನಿಂದಲೇ ಮೇಲಕ್ಕೆ ತಳ್ಳಿ, ನೂಲಿನಿಂದ ಹೆಣೆದು, ಗಾರೆಯವನು ಗೋಡೆ ಮೆತ್ತಿದ ಹಾಗೆ ಅದನ್ನು ಸಮತಟ್ಟಾಗಿ ಮುಚ್ಚಲಾಗಿತ್ತು. ಬಿಲ ಎಲ್ಲಿತ್ತೆಂದು ಮೊದಲೇ ತಿಳಿಯದವರು ಆ ಪೆಟ್ಟಿಗೆಯಲ್ಲಿ ಒಂದು ಜೀವವಿದೆಯೆಂದು ಊಹಿಸುವುದು ಸಾಧ್ಯವಿರಲಿಲ್ಲ. ಅಂದಿನ ತಾರೀಕನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟೆ. ಎರಡು ವಾರ, ಹೆಚ್ಚೆಂದರೆ ಒಂದು ತಿಂಗಳು ಎಂದುಕೊಂಡಿದ್ದೆ. ಅದು ಮತ್ತೆ ತೆರೆದದ್ದು ಜೂನ್ 14ರಂದು.

ಒಳಗಿದ್ದುದು ಟರಾಂಟುಲಾ ಎಂಬ ರೋಮಭರಿತ ದೊಡ್ಡ ಜೇಡದ ಒಂದು ಮರಿ. ಸಾಕುವವರು ಇದನ್ನು ಚಾಕೋ ಗೋಲ್ಡನ್ ನೀ ಎನ್ನುತ್ತಾರೆ. ವಿಜ್ಞಾನದ ಹೆಸರು ಗ್ರಾಮೊಸ್ಟೋಲಾ ಪಲ್ಕ್ರಿಪೆಸ್. ಪರಾಗ್ವೆ, ಅರ್ಜೆಂಟೀನಾಗಳ ಕಡೆಗೆ ಹಬ್ಬಿರುವ ಗ್ರಾನ್ ಚಾಕೋ ಎಂಬ ಕುರುಚಲು ಕಾಡಿನ ಬಯಲು ಇದರ ತವರು. ಬೆಳೆದ ಹೆಣ್ಣು ಕಾಲು ಚಾಚಿದರೆ ಸುಮಾರು 18 ಸೆಂಟಿಮೀಟರ್ ಆಗುತ್ತದೆ, ಕಾಲಿನ ಗಂಟುಗಳ ಮೇಲೆ ಹೊಂಬಣ್ಣದ ಪಟ್ಟೆಗಳು ಮೂಡುತ್ತವೆ, 20 ವರ್ಷಕ್ಕೂ ಹೆಚ್ಚು ಬದುಕುತ್ತದೆ. ಗಂಡಿನ ಆಯುಷ್ಯ ಕೆಲವೇ ವರ್ಷಗಳದ್ದು. ನನಗೆ ಅದು ಸಿಕ್ಕಿದ್ದು 2023ರ ಆಗಸ್ಟಿನಲ್ಲಿ. ನನ್ನಲ್ಲಿ ಹತ್ತನೆಯ ತರಗತಿ ಓದಿ ಈಗ ಮಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬ ಇಂಥವುಗಳನ್ನು ಸಾಕುತ್ತಾನೆ. ಅವನ ಪರಿಚಯದವರಲ್ಲಿ ಒಂದೇ ಗೂಡಿನಿಂದ ಹುಟ್ಟಿದ ಮರಿಗಳಲ್ಲೊಂದನ್ನು ನನಗಾಗಿ ತೆಗೆದಿಟ್ಟಿದ್ದ. ಕುಂಬಳೆಯಿಂದ ರೈಲಿನಲ್ಲಿ ಹೋಗಿ, ಒದ್ದೆ ಕಾಗದದ ಚೂರಿಟ್ಟ ಔಷಧಿ ಶೀಶೆಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮರಳಿದೆ. ಆಗ ಅದರ ಅಗಲ ಕಾಲೂ ಸೇರಿ ಒಂದೂವರೆ ಸೆಂಟಿಮೀಟರ್. ಶೀಶೆಯ ಮುಚ್ಚಳ ತೆರೆದು ತೋರಿಸಿದರೆ ಅಮ್ಮ, ನಮ್ಮ ಹಟ್ಟಿಯ ಮಾಡಿನಲ್ಲಿ ಇದಕ್ಕಿಂತ ದೊಡ್ಡವು ಇವೆಯಲ್ಲ, ಇದಕ್ಕೆ ಮಂಗಳೂರಿಗೆ ಹೋಗಬೇಕಿತ್ತೇ ಎಂದು ಕೇಳಿದರು.

ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹಟ್ಟಿಯದ್ದನ್ನಾಗಲಿ ಕಾಡಿನದ್ದನ್ನಾಗಲಿ ಹಿಡಿದು ತರುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ವಾಸಿಸುವ ಪೊಯಿಸಿಲೊಥೇರಿಯಾ ಕುಲದ ಟರಾಂಟುಲಾಗಳೂ, ಮೆಕ್ಸಿಕೋದ ಹೆಸರಾಂತ ಬ್ರಾಕಿಪೆಲ್ಮಾ ಕುಲವೂ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಆ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಿಕೊಳ್ಳಬೇಕು. ಅದನ್ನೆಲ್ಲ ಹುಡುಗನಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ನಾನು ಒಪ್ಪಿದ್ದು.

ಪೆಟ್ಟಿಗೆಯ ಎತ್ತರ 15 ಸೆಂಟಿಮೀಟರ್. ಅದರಲ್ಲಿ 10 ಸೆಂಟಿಮೀಟರ್ ಹುಡಿ ತುಂಬಿಸಿದೆ. ಮೇಲೆ ಬಹಳ ಖಾಲಿ ಬಿಟ್ಟರೆ ಜೇಡ ಗೋಡೆ ಹತ್ತಿ ಬೀಳುತ್ತದೆ. ಟರಾಂಟುಲಾದ ಉದರ ತೆಳುವಾದ ಚೀಲದಂಥದ್ದು, ಒಂದು ಗೇಣು ಎತ್ತರದಿಂದ ಬಿದ್ದರೂ ಒಡೆದೀತು. ಹುಡಿಯ ವಿಷಯದಲ್ಲಿ ಮಾತ್ರ ನಾನು ಪುಣ್ಯವಂತ. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಟರಾಂಟುಲಾ ಸಾಕುವವರು ಕೋಕೋಪೀಟ್ ಎಂದು ಇಟ್ಟಿಗೆಯ ಆಕಾರದಲ್ಲಿ ಹಣ ಕೊಟ್ಟು ಕೊಳ್ಳುವ ವಸ್ತು ನಮ್ಮಲ್ಲಿ ಚಕಿರಿಚೋರು ಎಂಬ ಹೆಸರಿನಲ್ಲಿ ತೆಂಗಿನ ಸಿಪ್ಪೆಯ ರಾಶಿಯ ಬುಡದಲ್ಲಿ ಬಿದ್ದಿರುತ್ತದೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಕಾಸರಗೋಡು. ಇಲ್ಲಿ ತೆಂಗಿನದ್ದು ಯಾವುದಕ್ಕೂ ಬರಗಾಲವಿಲ್ಲ. ಕರಾವಳಿಯಲ್ಲಿ ಉಪ್ಪುನೀರಿನಲ್ಲಿ ಕೊಳೆಸಿದ ಸಿಪ್ಪೆಯ ಹುಡಿಯಲ್ಲಿ ಉಪ್ಪಿನ ಅಂಶ ಉಳಿಯುವುದರಿಂದ ನಾನು ನಮ್ಮ ಅಂಗಳದಲ್ಲಿಯೇ ಸುಲಿದ ಸಿಪ್ಪೆಯದ್ದನ್ನು ಆರಿಸಿ, ಕಂದು ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆದು, ಅಂಗಳದ ಬಿಸಿಲಿನಲ್ಲಿ ಅಡಿಕೆಯ ಪಕ್ಕದಲ್ಲಿ ಒಣಗಿಸಿ, ಅನಂತರ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲುವಷ್ಟು, ಆದರೆ ನೀರು ತೊಟ್ಟಿಕ್ಕದಷ್ಟು ತೇವ ಮಾಡಿ ತುಂಬಿಸಿದೆ.

ಮರಿ ಎರಡನೆಯ ದಿನವೇ ಅಗೆಯತೊಡಗಿತು. ಅದು ಅಗೆಯುವ ಕ್ರಮವನ್ನು ನೋಡಿದಾಗ ನನಗೆ ನಮ್ಮ ಗುಡ್ಡದ ಸುರಂಗ ನೆನಪಾಯಿತು. ಎಣ್ಮಕಜೆ, ಬಾಯಾರು ಕಡೆಯ ಓದುಗರಿಗೆ ಸುರಂಗವೆಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ಹೋಗುವಷ್ಟು ಎತ್ತರಕ್ಕೆ ತೋಡಿದ, ನೀರು ತಾನಾಗಿ ಒಸರಿ ಬರುವ ಬಾವಿ ಅದು. ತೋಡುವವನು ಒಳಗೆ ಹೋದ ಮೇಲೆ ಹೊರಗಿದ್ದವರಿಗೆ ಅವನ ಇರವು ತಿಳಿಯುವುದು ಬುಟ್ಟಿಯಲ್ಲಿ ಬರುವ ಮಣ್ಣಿನಿಂದ ಮಾತ್ರ. ಜೇಡವೂ ಹಾಗೆಯೇ. ಹುಡಿಯನ್ನು ಬಾಯಿಯ ಕೊಂಡಿಗಳ ನಡುವೆ ಒತ್ತಿ, ನೂಲಿನಿಂದ ಅಂಟಿಸಿ ಸಾಸಿವೆಯಂಥ ಉಂಡೆ ಮಾಡಿ, ಹಿಂದೆ ಹಿಂದೆ ನಡೆದು ತಂದು ಹೊರಗೆ ಎಸೆಯುತ್ತಿತ್ತು. ರಾತ್ರಿಯಿಡೀ ಈ ಕೆಲಸ. ವಾರ ಕಳೆಯುವಷ್ಟರಲ್ಲಿ ಬಿಲ ಪೆಟ್ಟಿಗೆಯ ತಳ ಮುಟ್ಟಿ, ಅಲ್ಲಿಂದ ಬದಿಗೆ ತಿರುಗಿ, ನಡುಮಧ್ಯದಲ್ಲೆಲ್ಲೋ ಒಂದು ಕೋಣೆಯಾಗಿತ್ತು. ಕೆಲವರ ಜೇಡಗಳು ಗಾಜಿನ ಗೋಡೆಗೆ ತಾಗಿ ಕೋಣೆ ಮಾಡುತ್ತವಂತೆ, ಹೊರಗಿನಿಂದಲೇ ಎಲ್ಲವೂ ಕಾಣಿಸುತ್ತದಂತೆ. ನನ್ನದು ಆ ಔದಾರ್ಯ ತೋರಲಿಲ್ಲ.

ಜನವರಿಯವರೆಗಿನ ಕತೆಯಲ್ಲಿ ವಿಶೇಷವೇನೂ ಇಲ್ಲ. ಐದು ದಿನಕ್ಕೊಮ್ಮೆ ಮೀಲ್‌ವರ್ಮ್ ಎಂಬ ಹಳದಿ ಹುಳದ ಅರ್ಧ ತುಂಡನ್ನು ಬಿಲದ ಬಾಯಲ್ಲಿಡುತ್ತಿದ್ದೆ, ರಾತ್ರಿ ಅದು ಬಂದು ಎಳೆದೊಯ್ಯುತ್ತಿತ್ತು. ಅಕ್ಟೋಬರಿನಲ್ಲಿ ಒಮ್ಮೆ ಹತ್ತು ದಿನ ಬಿಲ ಮುಚ್ಚಿ, ಪೊರೆ ಕಳಚಿ ಬಂತು. ಜನವರಿ 11ರಂದು ಕೊಟ್ಟದ್ದೇ ಕೊನೆಯ ಊಟವಾಯಿತು. 17ಕ್ಕೂ 22ಕ್ಕೂ ಕೊಟ್ಟದ್ದು ಹಾಗೆಯೇ ಉಳಿದು ನಾನೇ ತೆಗೆಯಬೇಕಾಯಿತು. ಆ ಹೊತ್ತಿಗೆ ಅದರ ಉದರ ತಲೆಯ ಭಾಗದ ಒಂದೂವರೆ ಪಾಲು ದಪ್ಪವಾಗಿ, ಕಪ್ಪೇರಿ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಪೊರೆ ಬಿಡುವ ಲಕ್ಷಣಗಳು ಇವೇ ಎಂದು ಹುಡುಗ ಫೋನಿನಲ್ಲಿ ಹೇಳಿದ. ಹಳೆಯ ಚರ್ಮದ ಕೆಳಗೆ ಹೊಸ ಚರ್ಮವೂ ಹೊಸ ರೋಮಗಳೂ ಸಿದ್ಧವಾಗುವಾಗ ಮೇಲಿನಿಂದ ಹಾಗೆ ಕಪ್ಪಾಗಿ ಕಾಣುತ್ತದೆ. ಒಳಗಿನ ಅಂಗಗಳ ಒಳಪದರವೂ ಆಗ ಬದಲಾಗುವುದರಿಂದ ಆಹಾರ ಬೇಡವಾಗುತ್ತದೆ.

ಆಮೇಲಿನದ್ದು ಕಾಯುವ ಕೆಲಸ. ಫೆಬ್ರವರಿ ಪೂರ್ತಿ ನಾನು ಶಾಂತನಾಗಿಯೇ ಇದ್ದೆನೆಂದು ನೋಟ್ ಪುಸ್ತಕ ಹೇಳುತ್ತದೆ. ಮನೆಯಲ್ಲಿ ಶಾಂತಿ ಇರಲಿಲ್ಲ. ಅಮ್ಮ ದಿನಕ್ಕೊಮ್ಮೆ ನಡುಕೋಣೆಗೆ ಬಂದು, “ಅದಕ್ಕೆ ಜೀವ ಇದ್ದೋ?” ಎಂದು ಕೇಳುತ್ತಿದ್ದರು. ಊಟ ಬಿಟ್ಟು ಮೂವತ್ತು ದಿನವಾಯಿತೆಂದಾಗ “ಎನಗೆ ಒಂದು ಏಕಾದಶಿಯೇ ಕಷ್ಟ” ಎಂದರು. ತೆಂಗಿನಕಾಯಿ ಕೀಳಲು ಬರುವವರು ಅಂಗಳದಿಂದಲೇ “ಎಟ್ಟುಕಾಲಿ ಚತ್ತೋ ಮಾಷೇ?” (ಜೇಡ ಸತ್ತಿತೇ ಮಾಷೇ?) ಎಂದು ಮಲಯಾಳದಲ್ಲಿ ವಿಚಾರಿಸಿ ಏಣಿ ಹೊರುತ್ತಿದ್ದರು. ಸತ್ತಿದೆಯೆಂದೂ ಇಲ್ಲವೆಂದೂ ಹೇಳಲು ನನ್ನಲ್ಲಿ ಆಧಾರವಿರಲಿಲ್ಲ.

ಉಪವಾಸ ಎಂಬ ಪದವನ್ನು ನಾನೂ ಬಳಸುತ್ತಿದ್ದೇನೆ, ಬೇರೆ ಪದ ಸಿಗದೆ. ಆದರೆ ಹಸಿವೆಯನ್ನು ತಡೆದುಕೊಂಡಿರುವುದು ಉಪವಾಸ. ಈ ಜೇಡಕ್ಕೆ ಹಸಿವೆಯೇ ಇರಲಿಲ್ಲ. ಇವುಗಳು ನಮ್ಮಂತೆ ಮೈಯನ್ನು ಬೆಚ್ಚಗಿಡಲು ಅನ್ನ ಸುಡುವ ಪ್ರಾಣಿಗಳಲ್ಲ. ಓಡಾಟವಿಲ್ಲದೆ ಕುಳಿತ ಜೇಡದ ಖರ್ಚು ಅತಿ ಸಣ್ಣದು, ಉದರದಲ್ಲಿ ಕೂಡಿಟ್ಟದ್ದು ತಿಂಗಳುಗಟ್ಟಲೆ ಸಾಕಾಗುತ್ತದೆ. ಇದೇ ಕುಲದ ಬೆಳೆದ ಜೇಡಗಳು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಏನನ್ನೂ ತಿನ್ನದೆ ಇದ್ದದ್ದನ್ನು ಸಾಕುವವರು ದಾಖಲಿಸಿದ್ದಾರೆ. ಮರಿಯಲ್ಲಿ ಆ ದಾಸ್ತಾನು ಕಡಿಮೆ, ಅದು ನಿಜ. ಹಾಗಿದ್ದರೂ ಅನ್ನಕ್ಕಿಂತ ಮೊದಲು ಅದನ್ನು ಕೊಲ್ಲುವುದು ನೀರಿನ ಕೊರತೆ. ಜೇಡದ ಕಾಲುಗಳ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯುಗಳಿವೆ, ಚಾಚುವ ಸ್ನಾಯುಗಳಿಲ್ಲ. ದೇಹದೊಳಗಿನ ದ್ರವವನ್ನು ಒತ್ತಡದಿಂದ ಕಾಲಿನೊಳಕ್ಕೆ ನೂಕಿ ಅದು ಕಾಲು ಚಾಚುತ್ತದೆ, ಗುಡ್ಡ ಅಗೆಯುವ ಜೆಸಿಬಿಯ ಕೈ ಎಣ್ಣೆಯ ಒತ್ತಡದಿಂದ ಚಾಚುವ ಹಾಗೆ. ದ್ರವ ಬತ್ತಿದರೆ ಎಂಟೂ ಕಾಲುಗಳು ಹೊಟ್ಟೆಯ ಅಡಿಗೆ ಮುದುಡಿಕೊಳ್ಳುತ್ತವೆ. ಸತ್ತ ಜೇಡ ಮುದುಡಿರುವುದು ಇದೇ ಕಾರಣದಿಂದ. ಪೊರೆ ಕಳಚುವುದೂ ಇದೇ ದ್ರವದ ಒತ್ತಡದ ಬಲದಿಂದಲೇ. ಬತ್ತಿದ ಜೇಡ ಹಳೆಯ ಚರ್ಮದಲ್ಲಿ ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತದೆ.

ಆದ್ದರಿಂದ ನನ್ನ ಪಾಲಿಗೆ ಉಳಿದಿದ್ದ ಒಂದೇ ಕೆಲಸವೆಂದರೆ ಕಾಣದ ಕೋಣೆಯ ತೇವವನ್ನು ಕಾಪಾಡುವುದು. ಮೇಲ್ಪದರವನ್ನು ಬೆರಳಿನಿಂದ ಮುಟ್ಟಿ ಕೆಳಗಿನದ್ದನ್ನು ಅಂದಾಜು ಮಾಡುವುದು ಮೋಸ. ಫೆಬ್ರವರಿಯ ನಮ್ಮ ಒಣಹವೆಗೆ ಮೇಲಿನ ಒಂದು ಅಂಗುಲ ಎರಡೇ ದಿನದಲ್ಲಿ ಬೂದಿಯಂತಾದರೂ ತಳ ಒದ್ದೆಯಾಗಿಯೇ ಇರುತ್ತದೆ. ನಾನು ಕರಿಮೆಣಸಿನ ಮಾದರಿ ತೂಗಲು ಇಟ್ಟಿದ್ದ ಸಣ್ಣ ಡಿಜಿಟಲ್ ತಕ್ಕಡಿಯನ್ನು ಇದಕ್ಕೆ ಬಳಸಿದೆ. ಹದವಾಗಿ ತೇವ ಮಾಡಿದ ದಿನ ಪೆಟ್ಟಿಗೆ 431 ಗ್ರಾಂ ತೂಗಿತು. ಮರಿಯ ತೂಕ ಒಂದು ಗ್ರಾಮಿಗೂ ಕಡಿಮೆ ಇರುವುದರಿಂದ ಈ ಲೆಕ್ಕದಲ್ಲಿ ಅದು ಬಾರದು; ಇಳಿದದ್ದೆಲ್ಲ ನೀರು. ದಿನಕ್ಕೆ ಮೂರು ನಾಲ್ಕು ಗ್ರಾಂ ಇಳಿಯುತ್ತಿತ್ತು. 400ಕ್ಕೆ ಬಂದಾಗ, ಸೂಜಿ ತೆಗೆದ ಸಿರಿಂಜಿನಿಂದ, ಬಿಲಕ್ಕೆ ದೂರವಾದ ಮೂಲೆಯಲ್ಲಿ ಗೋಡೆಯ ಉದ್ದಕ್ಕೆ ಇಳಿಯುವಂತೆ 25 ಮಿಲಿಲೀಟರ್ ನೀರನ್ನು ನಿಧಾನವಾಗಿ ಬಿಡುತ್ತಿದ್ದೆ. ಬಿಲದ ಮೇಲೆಯೇ ಸುರಿದರೆ ಕೋಣೆ ಕುಸಿಯುತ್ತದೆ. ಇದಲ್ಲದೆ ಬಾಟಲಿಯ ಮುಚ್ಚಳವೊಂದರಲ್ಲಿ ಯಾವಾಗಲೂ ನೀರಿರುತ್ತಿತ್ತು, ಅದು ಎಂದಾದರೂ ಮೇಲೆ ಬಂದರೆ ಇರಲಿ ಎಂದು. ಇಷ್ಟೇ ಆರೈಕೆ. ಹಸುವನ್ನೋ ನಾಯಿಯನ್ನೋ ಸಾಕಿದ ಕೈಗೆ ಇದು ಆರೈಕೆಯೆಂದೇ ಅನ್ನಿಸುವುದಿಲ್ಲ.

ಆ ಅನ್ನಿಸದಿರುವಿಕೆಯೇ ಮಾರ್ಚ್ 17ರ ತಪ್ಪಿಗೆ ಕಾರಣ. ಭಾನುವಾರ, 50ನೆಯ ದಿನ. ಮಧ್ಯಾಹ್ನದ ಊಟವಾಗಿ ಎಲ್ಲರೂ ಮಲಗಿದ್ದರು. ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು, ಮುಚ್ಚಿದ ಬಾಯಿ ಇದ್ದ ಜಾಗವನ್ನು ಮೆಲ್ಲಗೆ ಕೆದಕಿದೆ. ಒಂದು ಸೆಂಟಿಮೀಟರ್ ದಪ್ಪದ ಹುಡಿಯ ಬೆಣೆ, ಅದರ ಕೆಳಗೆ ಬಿಳಿಯ ನೂಲಿನ ಪರದೆ. ಕಡ್ಡಿ ಪರದೆಯನ್ನು ಹರಿದು ಒಳಗೆ ಇಳಿಯಿತು. ಟಾರ್ಚ್ ಹಾಕಿ ನೋಡಿದರೆ ನೂಲು ಹೊದಿಸಿದ ಗೋಡೆ ಎರಡು ಅಂಗುಲ ಕೆಳಗೆ ಹೋಗಿ ತಿರುವಿನಲ್ಲಿ ಕತ್ತಲಾಗುತ್ತದೆ, ಅಷ್ಟೆ. ಜೇಡ ಕಾಣಲಿಲ್ಲ. ಕೈ ನಡುಗತೊಡಗಿತು. ಅದು ಆ ಹೊತ್ತಿಗೆ ಬೆನ್ನ ಮೇಲೆ ಮಲಗಿ ಪೊರೆ ಬಿಡುತ್ತಿದ್ದರೆ ಎಂಬ ಯೋಚನೆ ಬಂದದ್ದು ಕಡ್ಡಿಯನ್ನು ಹೊರಗೆಳೆದ ಮೇಲೆ. ಪೊರೆ ಬಿಡುವಾಗ ಅದರ ಮೈ ಹಸಿ ಬಾಳೆಎಲೆಯ ಕುಡಿಯಷ್ಟೇ ಮೃದು. ಕಡ್ಡಿಯ ತುದಿ ತಾಗಿದ್ದರೆ ಮುಗಿಯಿತು.

ಹುಡುಗನಿಗೆ ಫೋನ್ ಮಾಡಿದೆ. ಅವನು ಗುರುಗಳೆಂಬ ಮರ್ಯಾದೆಯನ್ನು ಬಿಡದೆಯೇ, ಆದರೆ ಸ್ಪಷ್ಟವಾಗಿ, ಇನ್ನು ಮುಂದೆ ಪೆಟ್ಟಿಗೆಯನ್ನು ತೂಗುವುದನ್ನು ಬಿಟ್ಟು ಬೇರೇನನ್ನೂ ಮಾಡಬಾರದೆಂದು ಹೇಳಿದ. ಜೀವನದಲ್ಲಿ ಎಷ್ಟೋ ಮಕ್ಕಳಿಗೆ ಕೈ ಕಟ್ಟಿ ಕುಳಿತುಕೊಳ್ಳಿ ಎಂದು ನಾನು ಹೇಳಿದ್ದಿದೆ. ಒಬ್ಬ ವಿದ್ಯಾರ್ಥಿಯಿಂದ ಹಾಗೆ ಹೇಳಿಸಿಕೊಂಡದ್ದು ಅದೇ ಮೊದಲು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ನಾನು ಮಾಡಿದ ತೂತು ಮತ್ತೆ ಮುಚ್ಚಿತ್ತು. ಹೊಸ ಹುಡಿಯ ಬಣ್ಣ ಸುತ್ತಲಿನದ್ದಕ್ಕಿಂತ ಗಾಢವಾಗಿದ್ದುದರಿಂದ ಅದು ತಳದಿಂದ ತಂದ ಒದ್ದೆ ಹುಡಿ ಎಂದು ತಿಳಿಯಿತು. ಜೀವ ಇದೆ ಎಂಬುದಕ್ಕೆ ಆ 139 ದಿನಗಳಲ್ಲಿ ನನಗೆ ಸಿಕ್ಕಿದ ಪುರಾವೆ ಅದೊಂದೇ. ಅಷ್ಟರ ಮಟ್ಟಿಗೆ ಸಮಾಧಾನವಾಯಿತೆನ್ನುವುದು ನಿಜವೇ, ಆದರೆ ತಿನ್ನದೆ ಕುಳಿತ ಮರಿಯಿಂದ ಮೂರು ರಾತ್ರಿ ಮಣ್ಣು ಹೊರಿಸಿ, ನೂಲು ಖರ್ಚು ಮಾಡಿಸಿ ಪಡೆದ ಸಮಾಧಾನ ಅದು.

ಏಪ್ರಿಲಿನಲ್ಲಿ ಬೇರೆ ವಿಧದ ತಪ್ಪಾಯಿತು. ಆ ವರ್ಷದ ಸೆಕೆ ಕೇರಳದಲ್ಲೆಲ್ಲ ನೆನಪಿನಲ್ಲಿ ಉಳಿಯುವಂಥದ್ದು. ನಮ್ಮ ನಡುಕೋಣೆಯಲ್ಲಿಯೂ ಮಧ್ಯಾಹ್ನ 34 ಡಿಗ್ರಿ ಇರುತ್ತಿತ್ತು. ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿ ಕೆಂಪು ಸಿಮೆಂಟಿನ ನೆಲದ ಮೇಲೆ, ಭತ್ತದ ಪತ್ತಾಯದ ನೆರಳಿನಲ್ಲಿಟ್ಟೆ. ಅದು ಸರಿಯಾದ ಕೆಲಸ. ಜೊತೆಗೆ, ತಕ್ಕಡಿ 412 ತೋರಿಸುತ್ತಿದ್ದರೂ ಇಷ್ಟು ಸೆಕೆಗೆ ಸಾಲದೆಂದು ಎರಡು ದಿನಗಳ ಅಂತರದಲ್ಲಿ 60 ಮಿಲಿಲೀಟರ್ ನೀರು ಬಿಟ್ಟೆ. ಒಂದು ವಾರದೊಳಗೆ ಮೂಲೆಯಲ್ಲಿ ಹತ್ತಿಯಂಥ ಬಿಳಿ ಬೂಸು ಎದ್ದಿತು, ಪ್ಲಾಸ್ಟಿಕ್ ಗೋಡೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಬಿಳಿಯ ನುಸಿಗಳು ಹರಿದಾಡಿದವು. ಕೊಳೆತದ್ದನ್ನು ತಿನ್ನುವ ಆ ನುಸಿಗಳು ಜೇಡವನ್ನು ನೇರವಾಗಿ ತಿನ್ನುವುದಿಲ್ಲವಾದರೂ, ಸಂಖ್ಯೆ ಮಿತಿಮೀರಿದರೆ ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ಅದರ ಪುಸ್ತಕ ಶ್ವಾಸಕೋಶಗಳ ಬಾಯಲ್ಲಿಯೂ ಕೊಂಡಿಗಳ ಸಂದಿಯಲ್ಲಿಯೂ ಸೇರಿಕೊಂಡು ಪೀಡಿಸುತ್ತವೆ. ಬೂಸು ಹಿಡಿದ ಹುಡಿಯನ್ನು ಚಮಚದಿಂದ ತೆಗೆದೆ. ಮುಚ್ಚಳದಲ್ಲಷ್ಟೇ ಇದ್ದ ಗಾಳಿತೂತುಗಳು ಸಾಲವೆಂದು ಎದುರುಬದುರು ಗೋಡೆಗಳಲ್ಲಿ, ಬಿಲಕ್ಕಿಂತ ಮೇಲೆ, ಕಾಯಿಸಿದ ಸೂಜಿಯಿಂದ ಇನ್ನಷ್ಟು ತೂತು ಮಾಡಿದೆ. ಹದಿಮೂರು ದಿನ ನೀರು ಬಿಡಲಿಲ್ಲ. ತೂಕ 405ಕ್ಕೆ ಇಳಿಯುವಷ್ಟರಲ್ಲಿ ನುಸಿಗಳು ಕಾಣದಾದವು. ಒಣಗಿತೆಂಬ ಹೆದರಿಕೆಯಿಂದ ಮಾಡುವ ಉಪಚಾರ ಒಣಗುವುದಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆಂಬುದನ್ನು ನಾನು ಕಲಿತದ್ದು ಹೀಗೆ.

ನೆಲಕ್ಕೆ ಇಳಿಸಿದ್ದರಿಂದ ಇರುವೆಗಳ ಭಯ ಹುಟ್ಟಿತು. ಮುಚ್ಚಿದ ಬಿಲದೊಳಗಿನ ಜೇಡಕ್ಕೆ ಇರುವೆಯ ಸಾಲಿಗಿಂತ ದೊಡ್ಡ ಶತ್ರು ಇಲ್ಲ. ಪೊರೆ ಬಿಟ್ಟ ಹೊಸತರಲ್ಲಾದರೆ ಅದು ಓಡಲಾರದು, ಕಚ್ಚಲಾರದು. ಅಜ್ಜಿಯ ಕಾಲದಲ್ಲಿ ತುಪ್ಪದ ಭರಣಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತಿದ್ದ ಕ್ರಮವನ್ನೇ ಅನುಸರಿಸಿ, ಅಗಲವಾದ ತಟ್ಟೆಯಲ್ಲಿ ನೀರು ನಿಲ್ಲಿಸಿ, ಮಗುಚಿ ಹಾಕಿದ ಬಟ್ಟಲಿನ ಮೇಲೆ ಪೆಟ್ಟಿಗೆ ಇಟ್ಟೆ. ಇರುವೆ ಬರಲಿಲ್ಲ. ಗೋಧಿ ಬೂಸಾದಲ್ಲಿ ಸಾಕಿದ್ದ ಮೀಲ್‌ವರ್ಮ್‌ಗಳ ಡಬ್ಬಿಗೆ ಮಾತ್ರ ಒಂದು ರಾತ್ರಿ ನುಗ್ಗಿ ಅರ್ಧದಷ್ಟನ್ನು ಒಯ್ದವು. ಉಳಿದವು ಜೇಡ ತಿನ್ನದ ಆ ತಿಂಗಳುಗಳಲ್ಲಿ ಕೋಶವಾಗಿ, ಕಪ್ಪು ಜೀರುಂಡೆಗಳಾಗಿ, ಮೊಟ್ಟೆಯಿಟ್ಟು, ಎರಡನೆಯ ತಲೆಮಾರಿಗೆ ಕಾಲಿಟ್ಟವು.

ಹುಳಗಳನ್ನು ಮನೆಯಲ್ಲೇ ಸಾಕುವುದಕ್ಕೆ ಕಾರಣವಿದೆ. ತೋಟದಲ್ಲಿ ಮಿಡತೆಗಳಿಗೆ ಕೊರತೆಯಿಲ್ಲ, ಆದರೆ ಯಾವ ಎಲೆಯ ಮೇಲೆ ಯಾರು ಏನು ಸಿಂಪಡಿಸಿದ್ದಾರೆಂದು ಹೇಳಬಲ್ಲವರಿಲ್ಲ. ನಾನು ಬೆಳೆದದ್ದು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಸೀಮೆಯಲ್ಲಿ. 2000ದವರೆಗೆ ಅದು ನಡೆದಿತ್ತು. ಕೀಟನಾಶಕವೆಂದರೆ ಜೇಡನಾಶಕವೂ ಹೌದು ಎಂಬುದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮೇ ಕೊನೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಎಂಬ ಮದ್ದು ಬಿಡಲು ಜನ ಬಂದಾಗಲೂ ನಾನು ಕಿಟಕಿಗಳನ್ನು ಮುಚ್ಚಿ, ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಆ ನೀಲಿ ದ್ರಾವಣ ಶಿಲೀಂಧ್ರಕ್ಕೆ ಮಾತ್ರ ಎಂದು ಹೇಳುವವರಿದ್ದಾರೆ. ಅವರಲ್ಲಿ ವಾದಿಸಲು ಹೋಗಲಿಲ್ಲ. ಜೇಡದ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ನಮ್ಮಂತೆ ಕಬ್ಬಿಣವಲ್ಲ, ತಾಮ್ರ, ಆದ್ದರಿಂದಲೇ ಅದರ ರಕ್ತಕ್ಕೆ ನೀಲಿಯ ಛಾಯೆ. ಡ್ರಮ್ಮಿನಲ್ಲಿ ಕಲಕುತ್ತಿದ್ದ ಮೈಲುತುತ್ತನ್ನು ನೋಡುತ್ತ ಈ ಸಂಗತಿಯನ್ನು ಮದ್ದು ಬಿಡುವವರಿಗೆ ಹೇಳಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಮರ ಹತ್ತಿದರು.

ಮಳೆಗಾಲ ಆ ವರ್ಷ ಮೇ 30ಕ್ಕೇ ಕೇರಳಕ್ಕೆ ಕಾಲಿಟ್ಟಿತು. ಗಾಳಿಯಲ್ಲಿ ತೇವ ತುಂಬಿದ್ದರಿಂದ ಪೆಟ್ಟಿಗೆ ದಿನಕ್ಕೆ ಒಂದು ಗ್ರಾಂ ಕೂಡ ಇಳಿಯದಾಯಿತು, ಸಿರಿಂಜನ್ನು ಎತ್ತಿಟ್ಟೆ. ಶಾಲೆ ತೆರೆಯಿತು. ದಾಖಲಾತಿಯ ಓಡಾಟದಲ್ಲಿ ಎರಡು ಮೂರು ದಿನ ತೂಕ ಬರೆಯುವುದನ್ನೂ ಮರೆತೆ. ಜೂನ್ 14, ಶುಕ್ರವಾರ ರಾತ್ರಿ, ಕರೆಂಟು ಹೋಗಿತ್ತು. ಮೇಣದ ಬತ್ತಿ ಹುಡುಕಲು ಕಪಾಟಿನ ಕಡೆಗೆ ಹೋದವನು ಅಭ್ಯಾಸಬಲದಿಂದ ಪೆಟ್ಟಿಗೆಯತ್ತ ಫೋನಿನ ಬೆಳಕು ಹಾಯಿಸಿದೆ. ಬಾಯಿ ತೆರೆದಿತ್ತು. ಮೊದಲಿಗಿಂತ ಅಗಲ, ನನ್ನ ಕಿರುಬೆರಳು ತೂರುವಷ್ಟು. ಸುತ್ತ ಒದ್ದೆ ಹುಡಿಯ ಹೊಸ ಉಂಡೆಗಳು ಹರಡಿದ್ದವು. ಬಾಯಿಯ ಅಂಚಿನಲ್ಲಿ ನಾಲ್ಕು ಕಾಲಿನ ತುದಿಗಳು, ಹೊಸ ತಾಮ್ರದ ಪಾತ್ರೆಯ ಬಣ್ಣಕ್ಕಿದ್ದವು, ಸಾಲಾಗಿ ಊರಿಕೊಂಡು ನಿಂತಿದ್ದವು. ಬೆಳಕು ತಾಗಿದಂತೆ ಒಂದೊಂದಾಗಿ ಒಳಗೆ ಸರಿದವು.

ಅಮ್ಮನನ್ನು ಎಬ್ಬಿಸಿದೆ. ಅವರು ಬಂದು ಕತ್ತಲೆಯ ತೂತನ್ನು ನೋಡಿ, ಏನೂ ಕಾಣಿಸುವುದಿಲ್ಲವೆಂದು ಹೇಳಿ, ಆದರೂ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತರು.

ಎರಡು ದಿನಗಳ ಬಳಿಕ ಅದು ತನ್ನ ಹಳೆಯ ಪೊರೆಯನ್ನು ಹೊರಗೆ ಎಸೆಯಿತು. ಮುದ್ದೆಯಾಗಿ, ಹುಡಿ ಮೆತ್ತಿ, ಒಣಗಿದ ಕಾಳುಮೆಣಸಿನ ಗೊಂಚಲಿನಂತೆ ಕಾಣುತ್ತಿದ್ದ ಅದನ್ನು ಚಿಮುಟದಿಂದ ಎತ್ತಿ, ಸಾಬೂನಿನ ಒಂದು ಹನಿ ಬೆರೆಸಿದ ನೀರಿನಲ್ಲಿ ನೆನೆಸಿ, ಕುಂಚದಿಂದ ಬಿಡಿಸಿದೆ. ಕೊಂಡಿಗಳ ಕಪ್ಪು ಹಲ್ಲು, ಎಂಟು ಕಣ್ಣುಗಳ ಕವಚ, ಕಾಲಿನ ಒಂದೊಂದು ರೋಮ, ಎಲ್ಲವೂ ಅಲ್ಲಿದ್ದವು. ಉದರದ ಭಾಗದ ಪೊರೆ ಮಾತ್ರ ಒದ್ದೆ ಈರುಳ್ಳಿ ಸಿಪ್ಪೆಯಂತೆ ಸುಕ್ಕಾಗಿ ಬಿಡಿಸಲು ಬಾರದೆ ಹರಿಯಿತು. ಹೆಣ್ಣೋ ಗಂಡೋ ಎಂದು ತಿಳಿಯಬೇಕಾದದ್ದು ಅದರ ಒಳಮೈಯ ಮೇಲಿನ ಭಾಗದಿಂದಲೇ. ಹುಡುಗನಿಗೆ ಚಿತ್ರ ಕಳುಹಿಸಿದಾಗ ಈ ಗಾತ್ರದಲ್ಲಿ ಹೇಗೂ ಖಚಿತವಾಗಿ ಹೇಳಲಾಗದು, ಇನ್ನೆರಡು ಪೊರೆಯಾಗಲಿ ಎಂದ.

ಆಹಾರ ಕೊಡಲು ಅವಸರ ಪಡಲಿಲ್ಲ. ಹೊಸ ಕೊಂಡಿಗಳು ಮೊದಲು ಬಿಳಿಯಾಗಿರುತ್ತವೆ, ಅನಂತರ ಕೆಂಪಾಗಿ ಕೊನೆಗೆ ಕಪ್ಪಾಗುತ್ತವೆ. ಕಪ್ಪಾಗುವ ಮೊದಲು ಗಟ್ಟಿಯಾದುದನ್ನು ಕಚ್ಚಿದರೆ ಬಾಗುತ್ತವೆ. ಪೊರೆ ಬಿಟ್ಟದ್ದು ಎಂದೆಂದು ನನಗೆ ತಿಳಿಯದಿದ್ದುದರಿಂದ ಅದನ್ನು ಹೊರಗೆ ಎಸೆದ ದಿನದಿಂದಲೇ ಎಣಿಸಿ ಒಂದು ವಾರ ಬಿಟ್ಟೆ. ಜೂನ್ 23ರಂದು ತಲೆ ಜಜ್ಜಿದ ಒಂದು ಮೀಲ್‌ವರ್ಮನ್ನು ಬಾಯಿಯ ಬಳಿ ಇಟ್ಟರೆ ಮುಂಗಾಲಿನಿಂದ ಮುಟ್ಟಿ, ಹುಡಿ ಎರಚಿ ಮುಚ್ಚಿ, ಹಿಂದಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಅದನ್ನು ತೆಗೆದೆ. ತಲೆ ಜಜ್ಜದೆ ಇಟ್ಟರೆ ಆ ಹುಳ ಹುಡಿಯೊಳಗೆ ಇಳಿದು, ಮೆತ್ತಗಿರುವ ಜೇಡವನ್ನೇ ಕಡಿಯಬಹುದು. ಮಿಡತೆ, ಚಿಮ್ಮಂಡೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 27ರ ರಾತ್ರಿ ಇನ್ನೊಂದನ್ನು ಇಟ್ಟೆ. ಈ ಸಲ ಚಿಮುಟ ಹಿಂದಕ್ಕೆ ಬರುವ ಮೊದಲೇ ಅದು ಬಂದೆರಗಿತು. ಹೊರಗೆ ಬಂದ ಆ ಒಂದು ಕ್ಷಣ ಅದರ ಪೂರ್ತಿ ಆಕಾರ ಕಂಡಿತು: ಸುಮಾರು ಮೂರೂವರೆ ಸೆಂಟಿಮೀಟರ್, ಕಾಲಿನ ಗಂಟಿನ ಮೇಲೆ ಮಸುಕಾಗಿ ಮೂಡುತ್ತಿರುವ ಮೊದಲ ಪಟ್ಟೆ, ಸಣ್ಣಗಾದ ಉದರ. ಹುಳವನ್ನು ಹಿಡಿದುಕೊಂಡು ತಿರುಗಿ ನಿಂತು, ಬಿಲದ ಬಾಯಿಗೆ ಸುತ್ತಲೂ ನಾಲ್ಕು ಎಳೆ ನೂಲು ಹಾಸಿ, ತಲೆ ಕೆಳಗಾಗಿ ಇಳಿದುಹೋಯಿತು.

ದೊಡ್ಡ ಪೆಟ್ಟಿಗೆಗೆ ಬದಲಾಯಿಸಬೇಕೇ ಎಂದು ಆಗ ಯೋಚಿಸಿದ್ದುಂಟು. ಬದಲಾಯಿಸಬೇಕಾದರೆ ಬಿಲವನ್ನು ಅಗೆದೇ ತೆಗೆಯಬೇಕು. ಗೋಡೆ ಇನ್ನೂ ಸಾಕಷ್ಟು ದೂರವಿದೆ, ಮುಂದಿನ ಪೊರೆಯ ಅನಂತರ ನೋಡೋಣವೆಂದು ಬಿಟ್ಟೆ. ಆಗಸ್ಟ್ ಪೂರ್ತಿ ವಾರಕ್ಕೊಮ್ಮೆ ತಿಂದಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಟ್ಟದ್ದನ್ನು ಒಲ್ಲದೆ ಉಳಿಸಿತು. ಓಣಂ ರಜೆಯಲ್ಲಿ ಒಂದು ಬೆಳಿಗ್ಗೆ ಅಮ್ಮನೇ ಬಂದು, ಬಾಗಿಲು ಹಾಕಿದೆಯೆಂದು ತಿಳಿಸಿ, ತಕ್ಕಡಿಯನ್ನು ತಂದು ಮೇಜಿನ ಮೇಲಿಟ್ಟು ಹೋದರು.